ಮಿದುಳಿನ ಸೂಕ್ಷ್ಮ ರಕ್ತನಾಳ ರೋಗ

ಮಿದುಳಿನ ಆಳಕ್ಕೆ ಹರಡಿರುವ ಕಿರುಧಮನಿ, ಲೋಮನಾಳ ಹಾಗೂ ಕಿರುಸಿರೆಗಳು ಕೆಡುವುದರಿಂದ ಬರುವ ರೋಗ. ವೃದ್ಧರಲ್ಲಿ ಸಾಮಾನ್ಯ. ವಯಸ್ಸಿನ ಜೊತೆಗೆ ಅಧಿಕ ರಕ್ತದೊತ್ತಡ, ಮಧುಮೇಹ ಮತ್ತು ಧೂಮಪಾನ ಇದಕ್ಕೆ ಎಡೆಮಾಡಿಕೊಡುತ್ತವೆ. ಇವುಗಳಲ್ಲಿ ರಕ್ತದೊತ್ತಡದ್ದೇ ದೊಡ್ಡ ಪಾಲು.

ಕಾರಣ: ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2 ಮಾತ್ರ; ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೆ ಬೇಕು. ನರತಂತುಗಳಿಂದಾದ ಬಿಳಿ ದ್ರವ್ಯದ ಆಳಕ್ಕೆ ರಕ್ತ ತಲುಪುವುದು ಉದ್ದನೆಯ ತೆಳು ನಾಳಗಳ ಮೂಲಕ. ಅವುಗಳ ನಡುವೆ ಕೂಡುನಾಳಗಳು ಕಡಿಮೆ. ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ನಾಳದ ಗೋಡೆ ದಪ್ಪವಾಗಿ ಬಿರುಸಾಗುತ್ತದೆ, ರಕ್ತದ ಹರಿವು ಕುಗ್ಗುತ್ತದೆ, ಒಳಪದರದಿಂದ ದ್ರವ ಸೋರುತ್ತದೆ.

ರಚನೆಯಲ್ಲಿನ ಬದಲಾವಣೆ: ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಕುಹರಗಳ ಸುತ್ತ ಹಾಗೂ ಆಳದಲ್ಲಿ ಬಿಳಿ ಕಲೆಗಳು ಕಾಣುತ್ತವೆ. ಇವುಗಳ ತೀವ್ರತೆಯನ್ನು 1987ರಲ್ಲಿ ಪ್ರಕಟವಾದ ಫಜೇಕಸ್ ಮಾಪಕದಲ್ಲಿ 0ಯಿಂದ 3ರವರೆಗೆ ಅಳೆಯುತ್ತಾರೆ. ಕಿರುಧಮನಿ ಮುಚ್ಚಿಹೋದ ಕಡೆ 3ರಿಂದ 15 ಮಿ.ಮೀ. ಅಗಲದ, ದ್ರವ ತುಂಬಿದ ಲಕ್ಯೂನ್ ಎಂಬ ಕುಳಿ ಉಳಿಯಬಹುದು. ಸೂಕ್ಷ್ಮ ರಕ್ತಸ್ರಾವದ ಗುರುತುಗಳೂ ಇರಬಹುದು. ಕಾಲಕ್ರಮದಲ್ಲಿ ಮಿದುಳು ಕುಗ್ಗಿ ಕುಹರಗಳು ಹಿಗ್ಗುತ್ತವೆ.

ಲಕ್ಷಣ: ಬಹುಕಾಲ ಏನೂ ತೋರದಿರಬಹುದು. ಮುಂದೆ ಯೋಚನೆಯ ವೇಗ ತಗ್ಗುತ್ತದೆ. ಕೆಲಸವನ್ನು ಯೋಜಿಸಿ ನಡೆಸುವುದು ಕಷ್ಟವಾಗುತ್ತದೆ. ನಡಿಗೆ ನಿಧಾನವಾಗಿ ಹೆಜ್ಜೆ ತಪ್ಪುವುದು, ಮೂತ್ರದ ಹಿಡಿತ ಸಡಿಲವಾಗುವುದು, ಖಿನ್ನತೆ ಇವೂ ಕಾಣಬಹುದು. ಪಾರ್ಶ್ವವಾಯು ಮತ್ತು ಮರೆಗುಳಿತನದ ಅಪಾಯ ಏರುತ್ತದೆ. ಆಲ್ಝೈಮರ್ ರೋಗದ ಜೊತೆಗೂ ಇದು ಇರಬಹುದು.

ಸಂಶೋಧನೆ: ಬಿಳಿ ದ್ರವ್ಯ ನಶಿಸುವ ಬಗೆಯನ್ನು 1894ರಲ್ಲಿ ಒಟ್ಟೊ ಬಿನ್ಸ್‌ವಾಂಗರ್ ವಿವರಿಸಿದ. ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ 50 ದಾಟಿದ, ಮಧುಮೇಹವಿಲ್ಲದ ರಕ್ತದೊತ್ತಡ ರೋಗಿಗಳನ್ನು ಎರಡು ಗುಂಪು ಮಾಡಿ, ಸಂಕೋಚನ ಒತ್ತಡವನ್ನು ಒಂದರಲ್ಲಿ 120ಕ್ಕಿಂತ, ಇನ್ನೊಂದರಲ್ಲಿ 140ಕ್ಕಿಂತ ಕೆಳಗಿಡುವ ಗುರಿ ಇಡಲಾಯಿತು. 2019ರ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ಬಿಳಿ ಕಲೆಗಳು ಕಡಿಮೆ ಬೆಳೆದಿದ್ದವು. ಆದರೆ ಮಿದುಳಿನ ಒಟ್ಟು ಗಾತ್ರ ತುಸು ಹೆಚ್ಚೇ ಕುಗ್ಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಗ್ರಾಮೀಣರಲ್ಲಿ ವೃದ್ಧಾಪ್ಯ ಮತ್ತು ಮಿದುಳಿನ ಕುರಿತು ದೀರ್ಘಾವಧಿ ಅಧ್ಯಯನ ನಡೆಸುತ್ತಿದೆ.

ತಡೆ: ಕೆಟ್ಟ ಭಾಗವನ್ನು ಪೂರ್ತಿ ಸರಿಪಡಿಸುವ ಔಷಧವಿಲ್ಲ. ನಡುವಯಸ್ಸಿನಿಂದಲೇ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಉಪ್ಪು ತಗ್ಗಿಸುವುದು, ತಂಬಾಕು ಬಿಡುವುದು, ದಿನವೂ ನಡೆಯುವುದು ಸದ್ಯ ಲಭ್ಯವಿರುವ ಮುಖ್ಯ ಉಪಾಯಗಳು.