ಪೂರ್ವಗ್ರಹ, ಪಕ್ಷಪಾತ, ಮತಾಂಧತೆ: ಅರ್ಥಭೇದ

ಮುಚ್ಚಿದ ಮನಸ್ಸು ಮತ್ತು ಒಂದು ಕಡೆಗೆ ವಾಲಿದ ತೀರ್ಮಾನವನ್ನು ಹೇಳಲು ಇಂಗ್ಲಿಷಿನಲ್ಲಿ ಪ್ರೆಜುಡಿಸ್, ಬಯಾಸ್, ಡಾಗ್ಮ್ಯಾಟಿಸಂ, ಬಿಗಟ್ರಿ, ಡಿಸ್ಕ್ರಿಮಿನೇಷನ್ ಮೊದಲಾದ ಪದಗಳಿವೆ. ಕನ್ನಡದಲ್ಲಿ ಇವಕ್ಕೆ ಪೂರ್ವಗ್ರಹ, ಪಕ್ಷಪಾತ, ಹಟವಾದ, ಮತಾಂಧತೆ, ತಾರತಮ್ಯ ಎಂಬ ಪದಗಳು ಬಳಕೆಯಲ್ಲಿವೆ. ಮಾತಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದುಂಟು. ಆದರೆ ದೋಷ ಎಲ್ಲಿದೆ ಎಂಬುದು ಪ್ರತಿಯೊಂದರಲ್ಲೂ ಬೇರೆ. ಆದ್ದರಿಂದ ಪರಿಹಾರವೂ ಬೇರೆ.

ಪೂರ್ವಗ್ರಹ

ವಿಚಾರಿಸುವ ಮೊದಲೇ ತಳೆದ ಅಭಿಪ್ರಾಯ ಪೂರ್ವಗ್ರಹ. ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೂ ‘ಮುಂಚಿತ ತೀರ್ಪು’ ಎಂದೇ ಅರ್ಥ. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರ ತಮ್ಮ ಗ್ರಂಥದಲ್ಲಿ ಇದಕ್ಕೆ ಒಂದು ಗೆರೆ ಎಳೆದರು: ಹೊಸ ತಿಳಿವಳಿಕೆ ಬಂದಾಗ ತಿದ್ದಿಕೊಳ್ಳುವ ಮುನ್ನೆಣಿಕೆ ಬರೀ ತಪ್ಪು, ಎಷ್ಟೇ ಪುರಾವೆ ಕೊಟ್ಟರೂ ಬದಲಾಗದಿದ್ದರೆ ಅದು ಪೂರ್ವಗ್ರಹ. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆ ಹೇಳುವುದು ಇದನ್ನೇ.

ಪಕ್ಷಪಾತ

ಬಯಾಸ್ ಎಂದರೆ ಓರೆ, ವಾಲುವಿಕೆ. ಇದಕ್ಕೆ ದ್ವೇಷ ಬೇಕಿಲ್ಲ, ಪ್ರೀತಿಯೂ ಸಾಕು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬಲ್ಲಿ ಯಾರ ಮೇಲೂ ಹಗೆಯಿಲ್ಲ, ಆದರೂ ತೀರ್ಪು ನೇರವಾಗಿಲ್ಲ. ಅರಿವಿಲ್ಲದೆಯೂ ಮನಸ್ಸು ಹೀಗೆ ವಾಲುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ಪ್ರಯೋಗಗಳ ಆಧಾರದಿಂದ ವಿವರಿಸಿದರು.

ಭಾರತದ ಕಾನೂನಿನಲ್ಲಿ 1969ರ ಎ.ಕೆ. ಕ್ರೈಪಾಕ್ ಪ್ರಕರಣ ಪ್ರಸಿದ್ಧ. ಜಮ್ಮು ಮತ್ತು ಕಾಶ್ಮೀರದಲ್ಲಿ ಅರಣ್ಯ ಸೇವೆಯ ಆಯ್ಕೆ ಮಂಡಳಿಯ ಸದಸ್ಯರೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಹೊರಗಿದ್ದರೂ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಅವರು ಸಭೆಯಲ್ಲಿ ಕೂತಿದ್ದರು. ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ರದ್ದುಪಡಿಸಿತು. ಪಕ್ಷಪಾತ ನಡೆದೇ ಇದೆಯೆಂದು ಸಾಬೀತು ಮಾಡಬೇಕಿಲ್ಲ, ನಡೆಯುವ ಸಂಭವ ಇದ್ದರೆ ಸಾಕು ಎಂಬುದು ಅದರ ತತ್ತ್ವ.

ಹಟವಾದ, ಸಂಕುಚಿತತೆ, ಮತಾಂಧತೆ

ಹಟವಾದವನ್ನು ವಿವರಿಸಲು ಮನೋವಿಜ್ಞಾನಿ ಮಿಲ್ಟನ್ ರೋಕೀಚ್ 1960ರಲ್ಲಿ ತೆರೆದ ಮನಸ್ಸು, ಮುಚ್ಚಿದ ಮನಸ್ಸು ಎಂಬ ವಿಂಗಡಣೆ ಮಾಡಿದರು. ನಂಬಿಕೆ ಯಾವುದು ಎಂಬುದಕ್ಕಿಂತ ಅದನ್ನು ಹೇಗೆ ಹಿಡಿದುಕೊಂಡಿದ್ದೇವೆ ಎಂಬುದು ಅವರಿಗೆ ಮುಖ್ಯವಾಗಿತ್ತು. ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎನ್ನುವವನು ಎಡಪಂಥದವನಾಗಿರಬಹುದು, ಬಲಪಂಥದವನಾಗಿರಬಹುದು, ನಾಸ್ತಿಕನೂ ಆಗಿರಬಹುದು. ಸಂಕುಚಿತತೆ ಹಟವಾದಕ್ಕಿಂತ ಸೌಮ್ಯ: ಅದು ಕೂಪಮಂಡೂಕನ ಸ್ಥಿತಿ, ಬಾವಿಯಾಚೆಯದನ್ನು ಕಾಣದ ಕೊರತೆ, ಓದು, ಒಡನಾಟದಿಂದ ನೀಗಬಲ್ಲದು. ಹಟಕ್ಕೆ ಅನ್ಯರ ಮೇಲಿನ ಹಗೆಯೂ ಸೇರಿದಾಗ ಅದು ಮತಾಂಧತೆ.

ತಾರತಮ್ಯ

ಇದು ಮನಸ್ಸಿನ ಮಾತಲ್ಲ, ನಡೆ. ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳಿಂದ ಬಂದ ಈ ಪದ ಮಧ್ವಸಿದ್ಧಾಂತದಲ್ಲಿ ಜೀವರ ಶ್ರೇಣಿಯನ್ನು ಹೇಳುತ್ತದೆ, ಅಲ್ಲಿ ನಿಂದೆಯಿಲ್ಲ. ಇಂದಿನ ಕನ್ನಡದಲ್ಲಿ ಮಾತ್ರ ಅದು ಅನ್ಯಾಯದ ಭೇದಭಾವ. ಸಂವಿಧಾನದ 15 ಮತ್ತು 17ನೇ ವಿಧಿಗಳು ನಿಷೇಧಿಸುವುದು ಇದನ್ನೇ.

ಜಗಳೂರು ಮತ್ತು ಸುತ್ತಲಿನ ನಿದರ್ಶನಗಳು

ಈ ಅರ್ಥಭೇದಗಳನ್ನು ಒಂದು ಪ್ರದೇಶದ ನಿದರ್ಶನಗಳಲ್ಲಿ ನೋಡಬಹುದು. ಬಯಲುಸೀಮೆಯ ಜಗಳೂರು ತಾಲ್ಲೂಕು 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು, ಜಗಳೂರು ಅವುಗಳಲ್ಲೊಂದು. ಯಾವ ಅಧಿಕಾರಿಯೂ ಜಗಳೂರನ್ನು ದ್ವೇಷಿಸಬೇಕಿಲ್ಲ. ವರ್ಷವರ್ಷವೂ ನೀರು, ರಸ್ತೆ, ಶಾಲೆಯ ಹಣ ಬೇರೆಡೆಗೆ ವಾಲಿದರೆ ಸಾಕು, ಹಿಂದುಳಿಯುವಿಕೆ ಗಟ್ಟಿಯಾಗುತ್ತದೆ. ಇಂಥ ಅಸಮತೋಲನವನ್ನು ಮತಾಂಧತೆ ಎಂದು ಕರೆಯಲಾಗದು.

ಇದೇ ಊರಿನ ಜೆ. ಮಹಮದ್ ಇಮಾಂ ಚಿತ್ರದುರ್ಗ ಕ್ಷೇತ್ರದಿಂದ 1957ರಲ್ಲಿ ಪ್ರಜಾ ಸೋಷಿಯಲಿಸ್ಟ್ ಪಕ್ಷದಿಂದಲೂ 1967ರಲ್ಲಿ ಸ್ವತಂತ್ರ ಪಕ್ಷದಿಂದಲೂ ಲೋಕಸಭೆಗೆ ಆರಿಸಿಬಂದರು. ಮತದಾರರಲ್ಲಿ ಹಿಂದೂಗಳೇ ಹೆಚ್ಚಿದ್ದ ಕ್ಷೇತ್ರ ಅದು. ಧರ್ಮದ ಗುರುತೊಂದೇ ಮತವನ್ನು ನಿರ್ಧರಿಸುತ್ತದೆ ಎಂಬ ಎಣಿಕೆಯೂ ಪೂರ್ವಗ್ರಹವೇ ಎಂಬುದಕ್ಕೆ ಇದು ಸಾಕ್ಷಿ.

ಅದೇ ಕ್ಷೇತ್ರದ ಅಂದಿನ ಸಂಸದ, ಪರಿಶಿಷ್ಟ ಜಾತಿಯ ಎ. ನಾರಾಯಣಸ್ವಾಮಿ ಅವರನ್ನು 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಒಳಗೆ ಬಿಡಲಿಲ್ಲ. ಹಟ್ಟಿಯವರು ಮುಂದಿಟ್ಟ ಕಾರಣ ಸಂಪ್ರದಾಯ. ಸಂಸದರ ಮೇಲೆ ವೈಯಕ್ತಿಕ ಹಗೆ ಇಲ್ಲದಿದ್ದರೂ ನಡೆದದ್ದು ತಾರತಮ್ಯವೇ.

ಹಳ್ಳಿಯ ಹೋಟೆಲುಗಳಲ್ಲಿ ಕಂಡುಬಂದ ಎರಡು ಲೋಟದ ಪದ್ಧತಿಯಲ್ಲಿ ಈ ಭೇದಗಳು ಸ್ಪಷ್ಟವಾಗುತ್ತವೆ. ದಲಿತರು ಮುಟ್ಟಿದರೆ ಮೈಲಿಗೆ ಎಂಬ ಎಣಿಕೆ ಪೂರ್ವಗ್ರಹ. ಅವರಿಗೆಂದು ಲೋಟವನ್ನು ಹೊರಗೆ ಬೇರೆಯಾಗಿ ಇಡುವುದು ತಾರತಮ್ಯ. ಏನು ಹೇಳಿದರೂ ಬಿಡದಿರುವುದು ಹಟ. ದೂರು ಬಂದಾಗ ನೆಂಟಸ್ತನ ನೋಡಿ ಸುಮ್ಮನಾಗುವ ಅಧಿಕಾರಿಯದು ಪಕ್ಷಪಾತ.

ಕಾನೂನಿನ ಮಿತಿ

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಶಿಕ್ಷಿಸುವುದು ಕೃತ್ಯವನ್ನು, ಮನದೊಳಗಿನ ಎಣಿಕೆಯನ್ನಲ್ಲ. ಬೇರೆ ಲೋಟ ಇಟ್ಟವನಿಗೆ ಕಾನೂನು ಬೇಕು. ಪಕ್ಷಪಾತ ತಡೆಯಲು ಪಾರದರ್ಶಕ ನಿಯಮ ಬೇಕು. ಪೂರ್ವಗ್ರಹ ಕಳೆಯಲು ಶಿಕ್ಷಣ, ಒಡನಾಟ ಬೇಕು. ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆದರೆ ಯಾವುದಕ್ಕೂ ತಕ್ಕ ಮದ್ದು ಸಿಗುವುದಿಲ್ಲ.