ಮೆಣಸಿನ ನೀರು, ಎಲುಬಿನ ಸಾರು, ಬ್ಯಾಳಿ ಕಟ್ಟು

ದೊಡ್ಡ ಹೋಟೆಲುಗಳ ಮೆನು ಕಾರ್ಡಿನಲ್ಲಿ 'ವೆಜ್ ಮುಲ್ಲಿಗಟಾನಿ ಸೂಪ್' ಅಂತ ಒಂದು ಇರುತ್ತದೆ, ನೀವೂ ನೋಡಿರಬಹುದು. ಅದನ್ನು ಓದಿದಾಗಲೆಲ್ಲ ನನಗೆ ನಗು. ಯಾಕಂದ್ರೆ ಆ ಹೆಸರಿನೊಳಗೆ ಮಾಂಸ ಇಲ್ಲವೇ ಇಲ್ಲ! ತಮಿಳಿನ 'ಮಿಳಗು ತಣ್ಣೀರ್', ಅಂದರೆ ಮೆಣಸಿನ ನೀರು... ನಮ್ಮ ಮೆಣಸಿನ ಸಾರಿಗೆ ಅಣ್ಣನೋ ತಮ್ಮನೋ ಆಗಬೇಕು. ಮದ್ರಾಸ್ ಕಡೆಯ ಇಂಗ್ಲಿಷರಿಗೆ ಊಟದ ಮೊದಲು ಸೂಪು ಬೇಕು. ಆ ನೀರಿಗೆ ಕೋಳಿ, ಕುರಿ ಹಾಕಿಸಿ ಕುದಿಸಿ ಸೂಪು ಮಾಡಿಕೊಂಡರು. ಈಗ ಅದರೊಳಗಿನ ಮಾಂಸ ತೆಗೆದು, 'ವೆಜ್' ಅಂತ ಹೆಸರಿಟ್ಟು ಮತ್ತೆ ನಮಗೇ ಬಡಿಸುತ್ತಾರೆ :-)

ಈ ಸೂಪಿಗೆ ಕರ್ನಾಟಕದ ನಂಟೂ ಉಂಟು. 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಈ ಪದಕ್ಕೆ 1784ರ ಒಂದು ಹಾಡಿನ ಉದಾಹರಣೆ ಇದೆ. ಹೈದರನ ಸೆರೆಯಲ್ಲಿದ್ದ ಇಂಗ್ಲಿಷನೊಬ್ಬ ಕಟ್ಟಿದ್ದು. ಊಟಕ್ಕೆ ಈ ಮುಲ್ಲಿಗಟಾನಿಯೇ ಗತಿಯಾಯಿತಲ್ಲ ಅಂತ ಅವನ ಗೋಳು! ಸುಮಾರು ನೂರು ವರ್ಷದ ಮೇಲೆ, 1878ರಲ್ಲಿ, ಕೆನ್ನಿ-ಹರ್ಬರ್ಟ್ ಎಂಬ ಸೈನ್ಯದ ಅಧಿಕಾರಿ 'ವೈವರ್ನ್' ಅನ್ನೋ ಹೆಸರಿನಲ್ಲಿ ಮದ್ರಾಸಿನಲ್ಲಿ ಅಡಿಗೆ ಪುಸ್ತಕ ತಂದಾಗ ಅದೇ ನೀರು ಸಾಹೇಬರ ಮೇಜಿನ ಸೂಪಾಗಿ ಕೂತಿತ್ತು.

ಹಾಗಾಗಿ ಮಾಂಸದ ಸೂಪು ಮೂಲ, ಮಾಂಸ ಇಲ್ಲದ್ದು ಅದರ ನಕಲು ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಇದಕ್ಕೆ ನಮ್ಮ ವಿಜಯಪುರ ಕಡೆಯ ಕಟ್ಟಿನ ಸಾರಿಗಿಂತ ದೊಡ್ಡ ಸಾಕ್ಷಿ ಬೇಡ.

ದಕ್ಷಿಣದ ಗೆಳೆಯರಿಗಾಗಿ ಎರಡು ಮಾತು. ಟಿಕೋಟಾ, ಬಬಲೇಶ್ವರ ಕಡೆ ಹೋಳಿಗೆಗೆ ಹೂರಣ ಅಂದರೆ ಕಡ್ಲಿಬ್ಯಾಳಿಯದೇ. ಬ್ಯಾಳಿಯನ್ನು ಕೈತುಂಬ ನೀರು ಹಾಕಿ ಕುದಿಸಿ, ಬೆರಳಿನಾಗ ಒತ್ತಿದರೆ ಹಿಚಕಬೇಕು, ಆದ್ರೆ ಕರಗಿ ಹೋಗಬಾರದು, ಅಷ್ಟಕ್ಕೆ ಇಳಿಸಿ ಬಸಿಯುತ್ತಾರೆ. ಬ್ಯಾಳಿ ಬೆಲ್ಲದ ಜೊತೆ ಹೂರಣಕ್ಕೆ ಹೋಯಿತು. ಕೆಳಗೆ ಉಳಿದ ಮಬ್ಬು ನೀರೇ ಕಟ್ಟು. ಅದಕ್ಕೆ ಹುಣಸಿಹುಳಿ, ಹುರಿದು ಅರೆದ ಒಣಕೊಬ್ಬರಿ, ಜೀರಿಗೆ, ಚಕ್ಕೆ, ಲವಂಗ, ವರ್ಷಕ್ಕೊಮ್ಮೆ ಕುಟ್ಟಿಸಿಟ್ಟ ಮಸಾಲಿ ಖಾರ, ಒಂದು ಹಿಡಿ ಹೂರಣ ಕಲಸಿ ಬಿಟ್ಟರೆ ಕಪ್ಪಗೆ, ತೆಳ್ಳಗೆ, ಮೇಲೆ ಎಣ್ಣೆ ತೇಲುವ ಸಾರು ತಯಾರು. ಗಡಿಯಾಚೆ ಸೊಲ್ಲಾಪುರದಾಗ ಇದಕ್ಕೇ 'ಕಟಾಚಿ ಆಮಟಿ' ಅಂತಾರೆ. ಕಟ್ಟು, ಕಟ್... ಎರಡು ಭಾಷೆಯ ನಡುವೆ ಒಂದೇ ಪಾತ್ರೆ!

ಈ ಕಟ್ಟು ಬಹಳ ಹಳೆಯದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಊಟದ ಪದಾರ್ಥಗಳ ಅಧ್ಯಾಯ ಇದೆ. ಅಲ್ಲಿ ಎರಡು ಬಟ್ಟಲು ಪಕ್ಕಪಕ್ಕದಲ್ಲೇ ಬರುತ್ತವೆ. ಒಂದು ಮಾಂಸರಸ, ಮಾಂಸ ಬೇಯಿಸಿದ ಸಾರು. ಇನ್ನೊಂದು ಯೂಷ, ಹೆಸರು, ಹುರುಳಿ ಮುಂತಾದ ಕಾಳು ಬೇಯಿಸಿದ ಕಟ್ಟು. ಉಪ್ಪು, ಎಣ್ಣೆ, ಖಾರ ಸೇರಿಸಿದ್ದು ಕೃತಯೂಷ, ಏನೂ ಸೇರಿಸದ ಸಪ್ಪೆಯದು ಅಕೃತಯೂಷ. ವೈದ್ಯ ರೋಗಿಯನ್ನು ನೋಡಿ ಯಾವ ಬಟ್ಟಲು ಅಂತ ಹೇಳುತ್ತಿದ್ದ. ಮಾಂಸ ಸಿಗಲಿಲ್ಲ, ಅದಕ್ಕೇ ಯೂಷ ಕೊಡಿ ಅನ್ನೋ ಲೆಕ್ಕ ಅಲ್ಲ ಅದು. ಇವತ್ತಿಗೂ ಜ್ವರ ಬಿಟ್ಟವರಿಗೆ ಹೆಸರುಬೇಳೆ ಕಟ್ಟು, ನೆಗಡಿಗೆ ಹುರುಳಿಕಟ್ಟು ಕೊಡುವ ಅಜ್ಜಿಯರು ಸುಶ್ರುತನ ಹೆಸರೂ ಕೇಳಿರಲಿಕ್ಕಿಲ್ಲ.

ಹಾಗಾದರೆ ಹಳೆಯ ಕಟ್ಟಿನ ಸಾರು ಇವತ್ತಿನಂತೆ ಕೆಂಪು ಇತ್ತೇ? ಸಾಧ್ಯವಿಲ್ಲ. ಮೆಣಸಿನಕಾಯಿ ಪೋರ್ಚುಗೀಜರ ಹಡಗಿನಲ್ಲಿ ಬಂದದ್ದು. ಅವರು 1510ರಲ್ಲಿ ಗೋವಾ ಹಿಡಿದರಲ್ಲ, ಯಾರಿಂದ ಹಿಡಿದರು ಗೊತ್ತೇ? ನಮ್ಮ ವಿಜಯಪುರದ ಆದಿಲ್‌ಶಾಹಿಗಳಿಂದಲೇ! ಕಲ್ಲಹಳ್ಳಿಯ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 1508ರ ಸುಮಾರು. ಜೈನ ಕವಿ, ಎಲ್ಲವೂ ಸಸ್ಯಾಹಾರದ ಅಡಿಗೆ. ಆಗ ಖಾರ ಅಂದರೆ ಮೆಣಸು. ಆಮೇಲೆ ಬಂದದ್ದಕ್ಕೆ ನಾವು 'ಮೆಣಸಿನ ಕಾಯಿ' ಅಂತ ಹಳೆಯ ಹೆಸರನ್ನೇ ತೊಡಿಸಿದೆವು. ಕೈದಿಯನ್ನು ಅಳಿಸಿದ ಮಿಳಗೂ ನಮ್ಮ ಮೆಣಸೂ ಒಂದೇ ಬೇರಿನ ಪದಗಳು ಅನ್ನೋದು ನೆನಪಿರಲಿ.

ಆದಿಲ್‌ಶಾಹಿ ಸುಮಾರು 200 ವರ್ಷ ಆಳಿತು, 1686ರಲ್ಲಿ ಔರಂಗಜೇಬನ ಕೈಗೆ ಹೋಯಿತು. ಶೋರ್ವಾ ಅನ್ನೋ ಪಾರ್ಸಿ ಮಾತು ಮಾತ್ರ ಊರಲ್ಲೇ ಉಳಿಯಿತು. ಈಗಲೂ ವಿಜಯಪುರದ ಒಂದು ಓಣಿಯಲ್ಲಿ ಶೋರ್ವಾ ಕುದಿಯುತ್ತಿದ್ದರೆ ಪಕ್ಕದ ಓಣಿಯಲ್ಲಿ ಕಟ್ಟಿನ ಸಾರು. ಕೆಲವು ಮನೆಗಳಲ್ಲಂತೂ ಎರಡೂ ಒಂದೇ ಒಲೆಯ ಮೇಲೆ! ಹಬ್ಬದ ದಿನ ಹೋಳಿಗೆ, ಕಟ್ಟಿನ ಸಾರು. ಮರುದಿನ ಕರಿ, ಅವತ್ತು ಎಲುಬಿನ ಸಾರು. ಹಾಕೋದು ಅದೇ ಮಸಾಲಿ ಖಾರ, ಅದೇ ಒಣಕೊಬ್ಬರಿ. ಇದರಲ್ಲಿ ಯಾವುದು ಯಾವುದರ 'ವರ್ಷನ್' ಅಂತ ಯಾರು ಹೇಳಬೇಕು? ಯಾರು ಏನು ತಿನ್ನುತ್ತಾರೆ ಅಂತ ಜಗಳ ತೆಗೆಯುವವರಿಗೆ ಒಮ್ಮೆ ಹಬ್ಬ ಮತ್ತು ಕರಿ ಎರಡೂ ದಿನ ಅಂಥ ಮನೆಯಲ್ಲಿ ಉಣ್ಣಿಸಬೇಕು ಅನ್ನಿಸುತ್ತದೆ.

ಆದರೆ ಕಟ್ಟು ಉಳಿಯಬೇಕಾದರೆ ಮೊದಲು ಮನೆಯಲ್ಲಿ ಬ್ಯಾಳಿ ಇರಬೇಕು. ಡೋಣಿ ದಂಡೆಯ ಎರಿ ಹೊಲ ಮಳೆ ಆದರೆ ಬಂಗಾರ, ಇಲ್ಲದಿದ್ದರೆ ಬರೀ ಬಿರುಕು. 1791-92ರ ಬರಕ್ಕೆ ಜನ 'ಡೋಗಿ ಬರ' ಅಂದರು, ಬಯಲಿನಲ್ಲಿ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರು ಅದು. 1876-78ರ ಬರದಲ್ಲಿ ಈ ಸೀಮೆ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿತ್ತು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಇದ್ದ ಜನ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರ. ಓದುವಾಗ ಕೈ ನಡುಗುತ್ತದೆ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕೆಲಸದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಪುಡಿಗಾಸಿಗೆ ಇಳಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದನ್ನು ವಿರೋಧಿಸಿದ. ಬರೀ ಧಾನ್ಯದ ಮೇಲೆ ದುಡಿಯುವ ದೇಹ ನಿಲ್ಲದು, ಅಳತೆ ಹೆಚ್ಚಿಸಿ, ಬೇಳೆಕಾಳು ಕೊಡಿ ಅಂತ ಅವನ ವಾದ. ಸಾಹೇಬರ ಮೇಜಿಗೆ ವೈವರ್ನನ ಸೂಪಿನ ಪುಸ್ತಕ ಬಂದದ್ದೂ ಆ ಬರದ ದಿನಗಳಲ್ಲೇ!

ಈಗ ಕಟ್ಟಿಗೆ ಬೇರೆ ಕಷ್ಟ. ಹೋಳಿಗೆ ಅಂಗಡಿಯಲ್ಲೇ ಸಿಗುತ್ತದೆ, ಕಟ್ಟು ಸಿಗೋದಿಲ್ಲ. ಮನೆಯಲ್ಲಿ ಮಾಡಿದರೂ ಕುಕ್ಕರಿಗೆ ಅಳೆದು ನೀರು ಹಾಕುವುದರಿಂದ ಬಸಿಯಲು ಏನೂ ಉಳಿಯದು. ಅದಕ್ಕೆ ಈಗ ಕೆಲವರು ಸಾರಿಗಂತಲೇ ಒಂದು ಹಿಡಿ ಬ್ಯಾಳಿ ಬೇರೆ ಬೇಯಿಸುತ್ತಾರೆ. ಮಾಡುವುದಾದರೆ ಪಾತ್ರೆಯಲ್ಲಿ, ಬ್ಯಾಳಿಯ ನಾಲ್ಕು ಪಟ್ಟು ನೀರು ಹಾಕಿ, ಮುಚ್ಚಳ ಓರೆ ಇಟ್ಟು ಬೇಯಿಸಿ. ಬಸಿದ ಬ್ಯಾಳಿಯಲ್ಲಿ ಎರಡು ಚಮಚ ಬೆಲ್ಲದ ಜೊತೆ ಅರೆದು ವಾಪಸ್ ಹಾಕಿ, ಹೂರಣದ ರುಚಿ ಬರುತ್ತದೆ. ಆ ದಿನ ಅನ್ನದ ಜೊತೆ ಚೆನ್ನ, ಮರುದಿನ ಬಿಸಿ ಮಾಡಿ ಬಟ್ಟಲಲ್ಲಿ ಕುಡಿದರೆ ಇನ್ನೂ ಚೆನ್ನ.