ಲೇಖಕ, ವರ್ಷ, ಶಾಸನ: ಕನ್ನಡ ಭಾಷಾಚರಿತ್ರೆಯ ಬರೆಹದಲ್ಲಿ ಆಕರಸೂಚನೆ

ಭಾಷಾವಿಜ್ಞಾನದ ಪತ್ರಿಕೆಗಳಿಗೆ ಇಂದು ಬರುವ ಲೇಖನಗಳಲ್ಲಿ ಆಕರವನ್ನು ಸೂಚಿಸುವ ಬಗೆ ಬಹುಮಟ್ಟಿಗೆ ಒಂದೇ. ವಾಕ್ಯದ ನಡುವೆ ಆವರಣದಲ್ಲಿ ಲೇಖಕರ ಹೆಸರು, ಪ್ರಕಟಣೆಯ ವರ್ಷ, ಪುಟಸಂಖ್ಯೆ. ಕೊನೆಯಲ್ಲಿ ಅಕಾರಾದಿಯಾಗಿ ಜೋಡಿಸಿದ ಪರಾಮರ್ಶನ ಪಟ್ಟಿ. ಈ ಪದ್ಧತಿ ಹುಟ್ಟಿದ್ದು ಭಾಷಾಶಾಸ್ತ್ರದಲ್ಲಲ್ಲ. ತಿಳಿದಿರುವ ಮಟ್ಟಿಗೆ ಇದರ ಮೊದಲ ಬಳಕೆ ಹಾರ್ವರ್ಡಿನ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಬಸವನಹುಳುವಿನ ಬಳಗಕ್ಕೆ ಸೇರಿದ, ಚಿಪ್ಪಿಲ್ಲದ ಒಂದು ಜೀವಿಯ ಅಂಡದ ಬೆಳವಣಿಗೆ ಆ ಪ್ರಬಂಧದ ವಿಷಯ. ಹೆಸರು ಮತ್ತು ವರ್ಷವನ್ನು ಆವರಣದಲ್ಲಿಟ್ಟು, ಆ ಗುರುತಿನ ಅರ್ಥವೇನೆಂಬುದನ್ನು ಮಾರ್ಕ್ ಅಡಿಟಿಪ್ಪಣಿಯೊಂದರಲ್ಲಿ ವಿವರಿಸಬೇಕಾಯಿತು. ಯಾವುದನ್ನು ಯಾರು ಮೊದಲು ಕಂಡರೆಂಬುದು ಮುಖ್ಯವಾದ ಶಾಸ್ತ್ರದಲ್ಲಿ ಈ ಜೋಡಿ ಬಹಳ ಅನುಕೂಲವಾದುದು. ಆದರೆ ಪ್ರತಿಯೊಂದು ಬರೆಹಕ್ಕೂ ಹೆಸರು ತಿಳಿದ ಕರ್ತೃವಿದ್ದಾನೆ, ಆ ಹೆಸರಿನಲ್ಲಿ ಒಂದು ಕುಲನಾಮವಿದೆ, ಬರೆಹದ ಕಾಲವೂ ಅಚ್ಚಿನ ಕಾಲವೂ ಬಹುತೇಕ ಒಂದೇ ಎಂಬ ಮೂರು ಗೃಹೀತಗಳು ಅದರಲ್ಲಿ ಅಡಗಿವೆ. ಕನ್ನಡದ ಪ್ರಾಚೀನ ಸಾಮಗ್ರಿಯ ಎದುರಿಗೆ ಮೂರೂ ಅಲುಗಾಡುತ್ತವೆ.

ನಮ್ಮ ವೈಯಾಕರಣರಲ್ಲಿಯೂ ಆಕರಸೂಚನೆಯ ಒಂದು ಕ್ರಮವಿತ್ತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲಿಯೇ ತನಗೆ ಪ್ರಮಾಣವಾದ ಕವಿಗಳನ್ನು ಹೆಸರಿಸುತ್ತಾನೆ. ಗಜಗ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರು ಅಲ್ಲಿದ್ದಾರೆ. ಆಮೇಲೆ ಸೂತ್ರಗಳ ಕೆಳಗೆ ಪ್ರಯೋಗಗಳನ್ನು ಕೊಡುವಾಗ, ಇದು ಇಂಥವನ ಇಂಥ ಕಾವ್ಯದ್ದು ಎಂದು ಹೇಳುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಓದುವವನು ಪದ್ಯವನ್ನು ಗುರುತಿಸಬಲ್ಲನೆಂಬ ಭರವಸೆ ಅವನಿಗಿದ್ದಿರಬೇಕು. ಅಸಗ, ಗಜಗರ ಕನ್ನಡ ಕಾವ್ಯಗಳು ಇಂದು ಉಳಿದಿಲ್ಲವಾಗಿ ಆ ಭರವಸೆ ನಮಗೆ ತೊಡಕಾಗಿದೆ. ಪಂಪ, ರನ್ನರ ಕಾವ್ಯಗಳಲ್ಲಿ ಪತ್ತೆಯಾಗುವ ಪ್ರಯೋಗಗಳಿಗೆ ಕಾಲ ಹೇಳಬಹುದು. ಉಳಿದವು ಒಂಬತ್ತನೆಯ ಶತಮಾನದವೋ ಕೇಶಿರಾಜನಿಗೆ ಸಮೀಪಕಾಲದವೋ ತಿಳಿಯದು. ೞಕಾರದ ಲೋಪದಂಥ ಧ್ವನಿಪರಿವರ್ತನೆಯನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಹೊರಟವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅಂಥ ಪ್ರಯೋಗವೊಂದನ್ನು ‘ಕಿಟ್ಟೆಲ್ 1872’ ಎಂದು ಉಲ್ಲೇಖಿಸುವ ಲೇಖನಗಳನ್ನು ಓದುವಾಗ, ಕೇಶಿರಾಜನ ಮೌನದ ಮೇಲೆ ಇನ್ನೊಂದು ಪರದೆ ಬಿದ್ದಂತಾಗುತ್ತದೆ. 1872 ಎಂಬುದು ಮಂಗಳೂರಿನಲ್ಲಿ ಕಿಟ್ಟೆಲರ ಆವೃತ್ತಿ ಅಚ್ಚಾದ ವರ್ಷ, ಅಷ್ಟೆ.

ಶಾಸನಗಳ ವಿಷಯ ಇದಕ್ಕಿಂತ ಜಟಿಲವಾದುದು. ಬಿ. ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆ ಶಾಸನಗಳನ್ನು ಜಿಲ್ಲೆವಾರು ಸಂಪುಟಗಳಲ್ಲಿ, ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಯೊಡನೆ ಜೋಡಿಸಿತು. ‘ಎ.ಕ. 7, ಶಿಕಾರಿಪುರ 176’ ಎಂದರೆ ತಾಳಗುಂದದ ಕದಂಬ ಸ್ತಂಭಶಾಸನ. ಸಂಪುಟ, ಸ್ಥಳ, ಸಂಖ್ಯೆ ಎಂಬ ಈ ಮೂರು ಅಂಶಗಳ ಸೂಚನೆ, ನನ್ನ ದೃಷ್ಟಿಯಲ್ಲಿ, ಕನ್ನಡ ಸಂಶೋಧನೆಗೆ ದೊರೆತ ಅತ್ಯಂತ ಮಿತವ್ಯಯದ ಉಲ್ಲೇಖಕ್ರಮ. ಓದುಗನನ್ನು ಅದು ಪುಸ್ತಕಕ್ಕೆ ಮಾತ್ರವಲ್ಲ, ಕಲ್ಲು ನಿಂತಿರುವ ನೆಲಕ್ಕೂ ಕರೆದೊಯ್ಯುತ್ತದೆ. ಇದನ್ನೇ ಲೇಖಕ–ವರ್ಷ ಪದ್ಧತಿಗೆ ಒಗ್ಗಿಸಿದರೆ ‘ರೈಸ್ 1902’ ಆಗುತ್ತದೆ. ಐದನೆಯ ಶತಮಾನದ ಪಾಠದ ಪಕ್ಕದಲ್ಲಿ ಇಪ್ಪತ್ತನೆಯ ಶತಮಾನದ ವರ್ಷ ಬಂದು ಕೂರುವುದು ಒಂದು ದೋಷ. ಅದಕ್ಕಿಂತ ದೊಡ್ಡ ದೋಷ ಕರ್ತೃತ್ವದ್ದು. ತಾಳಗುಂದದ ಶಾಸನ ತನ್ನ ಕವಿ ಕುಬ್ಜನೆಂದು ತಾನೇ ಹೇಳಿಕೊಳ್ಳುತ್ತದೆ. ಹೆಸರು ಬಿಟ್ಟುಹೋಗದಂತೆ ಕಲ್ಲಿನಲ್ಲಿ ಕಂಡರಿಸಿದ ಕವಿಯನ್ನು ನಮ್ಮ ಪರಾಮರ್ಶನ ಪಟ್ಟಿ ಸಂಪಾದಕನ ಹೆಸರಿನಡಿಯಲ್ಲಿ ಅಡಗಿಸಿಬಿಡುತ್ತದೆ!

ಹಾಗೆಂದು ಹಳೆಯ ಸೂಚನೆಯೂ ನಿರಾತಂಕವಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿದಾಗ ಸಂಪುಟಗಳ ಹಂಚಿಕೆಯೂ ಶಾಸನಗಳ ಸಂಖ್ಯೆಯೂ ಬದಲಾದವು. ರೈಸರ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಪರಿಷ್ಕೃತ ಮಾಲೆಯ ಐದನೆಯ ಸಂಪುಟದಲ್ಲಿರುವುದು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಆವೃತ್ತಿಯನ್ನು ಹೇಳದೆ ‘ಎ.ಕ. 5’ ಎಂದಷ್ಟೇ ಬರೆದರೆ ಒಂದು ರೂಪದ ಪ್ರಾದೇಶಿಕ ಹಂಚಿಕೆಯೇ ತಲೆಕೆಳಗಾಗಬಹುದು. ಹಲ್ಮಿಡಿ ಶಾಸನ ರೈಸರ ಸಂಪುಟಗಳಲ್ಲಿ ಇಲ್ಲವೇ ಇಲ್ಲ. ಅದನ್ನು ಬೆಳಕಿಗೆ ತಂದದ್ದು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವಾರ್ಷಿಕ ವರದಿ. ಇನ್ನು ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ವಾದಿಸಿದ್ದು ಪ್ರಸಿದ್ಧವಾಗಿದೆ. ಇಂಥವುಗಳಲ್ಲಿ ಪಾಠ ಹೇಳುವ ಕಾಲವೊಂದು, ಲಿಪಿ ಸೂಚಿಸುವ ಕಾಲವೊಂದು, ಅಚ್ಚಿನ ವರ್ಷ ಮತ್ತೊಂದು. ಆರು–ಏಳನೆಯ ಶತಮಾನಗಳ ಶಾಸನಭಾಷೆಯನ್ನು ಕುರಿತ ಎ. ಎನ್. ನರಸಿಂಹಯ್ಯನವರ ವ್ಯಾಕರಣ (1941), ಎಂಟರಿಂದ ಹತ್ತನೆಯ ಶತಮಾನದವರೆಗಿನ ಶಾಸನಗಳನ್ನು ಆಧರಿಸಿದ ಜಿ. ಎಸ್. ಗಾಯಿಯವರ ಐತಿಹಾಸಿಕ ವ್ಯಾಕರಣ (1946) ಇವುಗಳಲ್ಲಿನ ಒಂದು ರೂಪವನ್ನು ಮರುಪರಿಶೀಲಿಸಬೇಕಾದವನು ಹಿಡಿಯಬೇಕಾದ ಎಳೆ ಶಾಸನದ ಸಂಖ್ಯೆಯೇ. ಆ ಗ್ರಂಥಗಳಿಂದ ರೂಪವನ್ನು ಮಾತ್ರ ಎತ್ತಿಕೊಂಡು ‘ಗಾಯಿ 1946’ ಎಂದು ಕೈತೊಳೆದುಕೊಂಡರೆ ಎಳೆ ಅಲ್ಲಿಗೇ ಕಡಿಯಿತು. ಸೂಚನೆಯಲ್ಲಿ ಶಾಸನವೂ ಸಾಲೂ ಮೊದಲು ಬರಬೇಕು. ವ್ಯಾಕರಣಕಾರನ ಹೆಸರು ಅನಂತರ.

ಇನ್ನು ಹೆಸರುಗಳ ಪ್ರಶ್ನೆ. ಭಾಷಾವಿಜ್ಞಾನ ಪತ್ರಿಕೆಗಳ ಸಂಪಾದಕರ ಸಮಿತಿ 2007ರಲ್ಲಿ ಒಪ್ಪಿದ ಏಕರೂಪ ಶೈಲಿಪತ್ರ, ಲೇಖಕರ ಹೆಸರುಗಳನ್ನು ಮೊದಲಕ್ಷರಗಳಿಗೆ ಇಳಿಸದೆ ಪೂರ್ಣವಾಗಿ ಕೊಡಬೇಕೆನ್ನುತ್ತದೆ; ತಾವೇ ಮೊದಲಕ್ಷರಗಳನ್ನು ಬಳಸುವವರಿಗೆ ವಿನಾಯಿತಿಯುಂಟು. ಕನ್ನಡದ ಮಟ್ಟಿಗೆ ಆ ವಿನಾಯಿತಿಯೇ ನಿಯಮವಾಗಬೇಕು. ಬಿ. ಎಂ. ಶ್ರೀಕಂಠಯ್ಯ ಎಂದರೆ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ತೀ. ನಂ. ಶ್ರೀಕಂಠಯ್ಯ ಎಂದರೆ ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ. ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಅಂಕಿತನಾಮ. ಕುಲನಾಮವೆಂಬುದು ಎಲ್ಲಿಯೂ ಇಲ್ಲ. ಅಂಕಿತನಾಮವನ್ನು ಕುಲನಾಮದ ಮನೆಯಲ್ಲಿ ಕೂರಿಸಿ ‘ಮೊದಲ ಹೆಸರನ್ನು’ ಬಿಡಿಸಿ ಬರೆದರೆ ಊರಿಗೆ ಲೇಖಕತ್ವ ಬರುತ್ತದೆ. ಸಾಲದುದಕ್ಕೆ ತೀ. ನಂ. ಶ್ರೀಯವರು ಇಂಗ್ಲಿಷಿನಲ್ಲಿ ಬರೆದಾಗ ಹೆಸರಿನ ರೋಮನ್ ಕಾಗುಣಿತ ಬಿ. ಎಂ. ಶ್ರೀಯವರದಕ್ಕಿಂತ ಬೇರೆ. ಕನ್ನಡದ ಸ್ವರಪರಿವರ್ತನೆಯನ್ನು ಕುರಿತ ಅವರ 1935ರ ಪ್ರಬಂಧವನ್ನು ಗ್ರಂಥಸೂಚಿಗಳಲ್ಲಿ ಹುಡುಕುವವರು ಇದನ್ನು ನೆನಪಿಡಬೇಕು.

ಡಿ. ಎನ್. ಶಂಕರ ಭಟ್ಟರದು ಇನ್ನೂ ಸ್ವಾರಸ್ಯವಾದ ಪ್ರಸಂಗ. ಇಂಗ್ಲಿಷ್ ಗ್ರಂಥಗಳಲ್ಲಿ ಅವರು ‘ಭಟ್’ ಎಂಬುದರ ಅಡಿಯಲ್ಲಿ ಸಿಗುತ್ತಾರೆ. ಕನ್ನಡ ಬರೆಹಕ್ಕೆ ಮಹಾಪ್ರಾಣಗಳು ಬೇಡವೆಂದು ವಾದಿಸಿದ ಮೇಲೆ ಅವರ ಕನ್ನಡ ಪುಸ್ತಕಗಳ ಮುಖಪುಟದಲ್ಲಿಯೇ ‘ಶಂಕರ ಬಟ್’ ಎಂದು ಅಚ್ಚಾಯಿತು. ಅದನ್ನು ಅಚ್ಚಿನ ತಪ್ಪೆಂದು ತಿದ್ದುವ ಸಂಪಾದಕ ಲೇಖಕರ ವಾದವನ್ನೇ ತಿದ್ದಿದಂತೆ. ತಿದ್ದದೆ ಬಿಟ್ಟರೆ, ಬಕಾರ ಭಕಾರಗಳನ್ನು ಬೇರೆ ಬೇರೆ ಇಡುವ ವರ್ಣಮಾಲೆಯ ಪಟ್ಟಿಯಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ದ್ವಿಭಾಷಾ ಪತ್ರಿಕೆಗೆ ಬರೆಯುವವರು ಕನ್ನಡ ಆಕರಗಳನ್ನು ಕನ್ನಡದ ಅಕಾರಾದಿಯಲ್ಲಿ, ರೋಮನ್ ಲಿಪಿಯವನ್ನು ಪ್ರತ್ಯೇಕವಾಗಿ ಜೋಡಿಸಿ, ಮುಖಪುಟದ ರೂಪವನ್ನು ಇದ್ದಂತೆಯೇ ಉಳಿಸಿಕೊಂಡು, ‘ಬಟ್’ ಎಂಬಲ್ಲಿ ‘ಭಟ್’ ನೋಡಿ ಎಂದೂ ‘ಭಟ್’ ಎಂಬಲ್ಲಿ ‘ಬಟ್’ ನೋಡಿ ಎಂದೂ ಒಂದೊಂದು ಸಾಲು ಸೇರಿಸುವುದು ಲೇಸು. ಶಾಸನಗಳಿಗೆ ಮೂರನೆಯದೊಂದು ಪಟ್ಟಿ ಬೇಕು. ಅದರಲ್ಲಿ ತಾಳಗುಂದದ ಎದುರಿಗೆ ಕುಬ್ಜನ ಹೆಸರು ಇರಲಿ.